ತಣಿಸುವಿಕೆಯ ಸಮತೆ: ಅಧಿಕ ಇಂಗಾಲದ ಉಕ್ಕಿನ ಬಿಸಿ ರೋಲಿಂಗ್ ಕುರಿತು ಒಂದು ವಿಚಾರ

ಉಕ್ಕಿನ ಗುಣವನ್ನು ಅದರ ರಾಸಾಯನಿಕ ಸಂಯೋಜನೆಯಿಂದ ಗುರುತಿಸುವ ರೂಢಿ ಕೈಗಾರಿಕಾ ವ್ಯವಹಾರದಲ್ಲಿ ಆಳವಾಗಿ ಬೇರೂರಿದೆ. ಕೊಳ್ಳುವವರು ಇಂಗಾಲ, ಮ್ಯಾಂಗನೀಸ್, ಸಿಲಿಕಾನ್, ಗಂಧಕ, ರಂಜಕಗಳ ಶೇಕಡಾವಾರು ಪ್ರಮಾಣವನ್ನು ಕೇಳುತ್ತಾರೆ, ಮಾರುವವರು ಅದನ್ನು ಪ್ರಮಾಣಪತ್ರದಲ್ಲಿ ನಮೂದಿಸುತ್ತಾರೆ, ಅಂಕಿಗಳು ಮಿತಿಯೊಳಗಿದ್ದರೆ ಸರಕು ಒಳ್ಳೆಯದೆಂದು ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಇಂಗಾಲ ಕಡಿಮೆಯಿರುವ ಸಾಮಾನ್ಯ ಉಕ್ಕಿನ ಮಟ್ಟಿಗೆ ಈ ರೂಢಿಯಿಂದ ದೊಡ್ಡ ಹಾನಿಯಿಲ್ಲ. ಆದರೆ ಇಂಗಾಲದ ಪ್ರಮಾಣ ಶೇ 0.6ನ್ನು ದಾಟಿದ ಉಕ್ಕುಗಳಲ್ಲಿ, ಅಂದರೆ ಸೇತುವೆಯ ಕೇಬಲ್, ಟೈರಿನೊಳಗಿನ ತಂತಿ, ಪೂರ್ವಪ್ರಬಲಿತ ಕಾಂಕ್ರೀಟಿನ ತಂತಿಹುರಿ, ಸ್ಪ್ರಿಂಗ್ ಮತ್ತು ರೈಲುಹಳಿಗಳಿಗೆ ಬಳಕೆಯಾಗುವ ಅಧಿಕ ಇಂಗಾಲದ ಉಕ್ಕಿನಲ್ಲಿ, ಒಂದೇ ಕುಲುಮೆಯಲ್ಲಿ ಕರಗಿ ಒಂದೇ ಸಂಯೋಜನೆ ಹೊಂದಿದ ಎರಡು ಸರಳುಗಳ ಪೈಕಿ ಒಂದು ಕೂದಲಿನಷ್ಟು ತೆಳ್ಳಗೆ ಎಳೆದರೂ ತುಂಡಾಗದೆ ಉಳಿಯಬಹುದು, ಇನ್ನೊಂದು ಮೊದಲ ಬಾಗಿಗೇ ಮುರಿದುಬೀಳಬಹುದು. ಎರಡರ ನಡುವಿನ ವ್ಯತ್ಯಾಸವೆಲ್ಲ ರೋಲಿಂಗ್ ಮುಗಿದ ಬಳಿಕದ ಅರ್ಧ ನಿಮಿಷದಲ್ಲಿ ಅವು ತಣಿದ ಬಗೆಯಲ್ಲಿರುತ್ತದೆ. ತಣಿಸುವಿಕೆ ರೋಲಿಂಗಿನ ಬಾಲಂಗೋಚಿಯಲ್ಲ, ಅದೇ ಒಂದು ತಯಾರಿಕಾ ಕ್ರಿಯೆ ಎಂಬುದನ್ನು ಲೋಹತಜ್ಞರು ಬಹುಕಾಲದಿಂದ ಬಲ್ಲರು. ಆ ಕ್ರಿಯೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಮಾತ್ರ ಇನ್ನೂ ಚರ್ಚಿಸಬೇಕಾದ ಸಂಗತಿ. ತಣಿಸುವ ವ್ಯವಸ್ಥೆಯ ಯೋಗ್ಯತೆ ಅದು ಎಷ್ಟು ಬೇಗ ತಣಿಸುತ್ತದೆ ಎಂಬುದಕ್ಕಿಂತ, ಇಡೀ ಸರಳನ್ನು ಎಷ್ಟು ಸಮನಾಗಿ ತಣಿಸುತ್ತದೆ ಎಂಬುದರಿಂದ ನಿರ್ಧಾರವಾಗಬೇಕು ಎಂಬುದು ಇಲ್ಲಿ ಮಂಡಿಸಲಾಗುವ ವಾದ.

ವಾದದ ಬುನಾದಿ ಉಕ್ಕಿನ ಒಳರಚನೆಯಲ್ಲಿದೆ. ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್‌ನಲ್ಲಿ ರೋಲಿಂಗ್ ಆಗುವ ಹೊತ್ತಿಗೆ ಅಧಿಕ ಇಂಗಾಲದ ಉಕ್ಕು ಆಸ್ಟೆನೈಟ್ ಎಂಬ ರೂಪದಲ್ಲಿರುತ್ತದೆ. ಈ ರೂಪದಲ್ಲಿ ಕಬ್ಬಿಣದ ಹರಳುಜಾಲವು ಇಂಗಾಲದ ಪರಮಾಣುಗಳನ್ನು ತನ್ನ ಸಂದುಗಳಲ್ಲಿ ಕರಗಿಸಿಕೊಂಡಿರುತ್ತದೆ. ಉಷ್ಣತೆ 727 ಡಿಗ್ರಿಗಿಂತ ಕೆಳಗಿಳಿದಾಗ ಆಸ್ಟೆನೈಟ್ ಅಸ್ಥಿರವಾಗುತ್ತದೆ, ಏಕೆಂದರೆ ಕೆಳ ಉಷ್ಣತೆಯಲ್ಲಿ ಸ್ಥಿರವಾಗಿರುವ ಫೆರೈಟ್ ಎಂಬ ಮೆದು ಕಬ್ಬಿಣಕ್ಕೆ ಇಂಗಾಲವನ್ನು ಕರಗಿಸಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಹೊರಬಿದ್ದ ಇಂಗಾಲವು ಕಬ್ಬಿಣದೊಡನೆ ಸೇರಿ ಸಿಮೆಂಟೈಟ್ ಎಂಬ ಗಡುಸು, ಪೆಡಸು ಸಂಯುಕ್ತವಾಗುತ್ತದೆ. ಇಂಗಾಲ ಶೇ 0.77ರ ಆಸುಪಾಸಿನಲ್ಲಿದ್ದರೆ ಇವೆರಡೂ ಒಟ್ಟೊಟ್ಟಿಗೆ, ಒಂದರ ಪಕ್ಕದಲ್ಲಿ ಇನ್ನೊಂದು ತೆಳುಹಾಳೆಯಂತೆ ಬೆಳೆದು ಪದರಪದರವಾದ ರಚನೆಯೊಂದನ್ನು ಕಟ್ಟುತ್ತವೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ 1860ರ ದಶಕದಲ್ಲಿ ಉಕ್ಕನ್ನು ನಯಗೊಳಿಸಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ವಿಧಾನವನ್ನು ಆರಂಭಿಸಿದಾಗ ಕಂಡ, ಮುತ್ತಿನ ಹೊಳಪುಳ್ಳ ಈ ರಚನೆಯೇ ಪರ್ಲೈಟ್. ಫೆರೈಟ್ ಪದರಗಳಿಂದ ಬಾಗುವ ಗುಣವೂ ಸಿಮೆಂಟೈಟ್ ಪದರಗಳಿಂದ ಬಲವೂ ಬರುವುದರಿಂದ, ಎಳೆದು ತಂತಿ ಮಾಡಬೇಕಾದ ಉಕ್ಕಿನಲ್ಲಿ ಪರ್ಲೈಟ್ ಅಲ್ಲದೆ ಬೇರೇನೂ ಇರಬಾರದು ಎಂಬುದು ಮೂಲಸೂತ್ರ.

ಪರ್ಲೈಟ್ ಇದ್ದರಷ್ಟೇ ಸಾಲದು, ಅದರ ಪದರಗಳು ಎಷ್ಟು ಒತ್ತಾಗಿವೆ ಎಂಬುದೂ ಮುಖ್ಯ. ರೂಪಾಂತರ 700 ಡಿಗ್ರಿಯ ಸಮೀಪದಲ್ಲಿ ನಡೆದರೆ ಇಂಗಾಲದ ಪರಮಾಣುಗಳಿಗೆ ದೂರ ಸಾಗಲು ಅವಕಾಶ ಸಿಗುವುದರಿಂದ ಪದರಗಳ ನಡುವಣ ಅಂತರ ಮೈಕ್ರಾನಿನ ಅರ್ಧಭಾಗದಷ್ಟಾಗುತ್ತದೆ. ಅದೇ ರೂಪಾಂತರ 600 ಡಿಗ್ರಿಯ ಸುತ್ತ ನಡೆದರೆ ಅಂತರ ಮೈಕ್ರಾನಿನ ಹತ್ತನೆಯ ಒಂದು ಭಾಗದ ಸಮೀಪಕ್ಕೆ ಇಳಿಯುತ್ತದೆ. 727 ಡಿಗ್ರಿಗಿಂತ ಎಷ್ಟು ಕೆಳಗೆ ರೂಪಾಂತರ ನಡೆಯುತ್ತದೆಯೋ ಅದಕ್ಕೆ ವಿಲೋಮವಾಗಿ ಪದರಾಂತರ ಬದಲಾಗುತ್ತದೆ ಎಂಬ ಸಂಬಂಧವನ್ನು ಕ್ಲಾರೆನ್ಸ್ ಜೀನರ್ 1946ರಲ್ಲಿ ಸೈದ್ಧಾಂತಿಕವಾಗಿ ವಿವರಿಸಿದರು. ಪದರಗಳು ಒತ್ತಾದಷ್ಟೂ ಉಕ್ಕಿನ ಬಲ ಹೆಚ್ಚುತ್ತದೆ, ಎಳೆಯುವಾಗ ಸಿಮೆಂಟೈಟ್ ಒಡೆಯದೆ ಫೆರೈಟಿನೊಡನೆ ತಾನೂ ಬಾಗುತ್ತದೆ. ಹಾಗೆಂದು ಉಷ್ಣತೆಯನ್ನು ಮನಬಂದಷ್ಟು ಕೆಳಗಿಳಿಸುವಂತಿಲ್ಲ. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಡ್ಗರ್ ಬೇನ್ ಮತ್ತು ಎಡ್ಮಂಡ್ ಡೇವನ್‌ಪೋರ್ಟ್ 1930ರಲ್ಲಿ ಪ್ರಕಟಿಸಿದ ಕಾಲ-ಉಷ್ಣತೆಯ ನಕ್ಷೆಗಳು ಸ್ಪಷ್ಟಪಡಿಸಿದಂತೆ, ಸುಮಾರು 550 ಡಿಗ್ರಿಗಿಂತ ಕೆಳಗೆ ಬೇನೈಟ್ ಎಂಬ ಬೇರೆ ರಚನೆ ಹುಟ್ಟತೊಡಗುತ್ತದೆ; ರೂಪಾಂತರಕ್ಕೆ ಸಮಯವೇ ಸಿಗದಂತೆ ಉಕ್ಕನ್ನು 200 ಡಿಗ್ರಿಯ ಆಸುಪಾಸಿಗೆ ಇಳಿಸಿಬಿಟ್ಟರೆ, ಇಂಗಾಲವು ಹರಳಿನೊಳಗೇ ಸಿಕ್ಕಿಬಿದ್ದು ಮಾರ್ಟೆನ್ಸೈಟ್ ಎಂಬ ಅತಿ ಗಡುಸಾದ, ಎಳೆಯಲು ಬಾರದ ರಚನೆ ಮೂಡುತ್ತದೆ. ಹೀಗೆ ಮೇಲೆ ಒರಟು ಪರ್ಲೈಟ್, ಕೆಳಗೆ ಬೇನೈಟ್ ಮತ್ತು ಮಾರ್ಟೆನ್ಸೈಟ್. ಇವುಗಳ ನಡುವೆ ಕೆಲವೇ ಹತ್ತಾರು ಡಿಗ್ರಿ ಅಗಲದ ಕಿಂಡಿಯೊಂದಿದೆ. ಸರಳಿನ ಪ್ರತಿ ಭಾಗವೂ ಆ ಕಿಂಡಿಯೊಳಗೇ ರೂಪಾಂತರ ಹೊಂದುವಂತೆ ನೋಡಿಕೊಳ್ಳುವುದೇ ತಣಿಸುವಿಕೆಯ ಹಿಡಿತ.

ಸಂಯೋಜನೆಯೊಂದನ್ನೇ ನೆಚ್ಚಿದರೆ ವಿಚಾರ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ದಕ್ಷಿಣ ಭಾರತದ ಮೂಸೆ ಉಕ್ಕಿನ ಇತಿಹಾಸದಲ್ಲಿ ಒಳ್ಳೆಯ ನಿದರ್ಶನವಿದೆ. ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣದ ಹಲವೆಡೆ ಮಣ್ಣಿನ ಮೂಸೆಗಳಲ್ಲಿ ತಯಾರಾಗುತ್ತಿದ್ದ ಈ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ 1ಕ್ಕಿಂತ ಹೆಚ್ಚಿರುತ್ತಿತ್ತು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಪ್ರಾಂತ್ಯದಲ್ಲಿ ಸಂಚರಿಸಿದಾಗ ಅದರ ತಯಾರಿಕೆಯ ವಿವರಗಳನ್ನು ದಾಖಲಿಸಿದ್ದಾನೆ. ಯುರೋಪಿನ ಕಮ್ಮಾರರು ತಮಗೆ ರೂಢಿಯಾಗಿದ್ದ ಹೆಚ್ಚಿನ ಉಷ್ಣತೆಗೆ ಅದನ್ನು ಕಾಯಿಸಿ ಬಡಿದಾಗ ಅದು ಸುತ್ತಿಗೆಯಡಿ ಪುಡಿಯಾಗುತ್ತಿತ್ತು. ಇದರ ಗುಟ್ಟನ್ನು ಹುಡುಕಲು ಹೊರಟ ಮೈಕೆಲ್ ಫ್ಯಾರಡೆ 1819ರಲ್ಲಿ ಅದನ್ನು ರಾಸಾಯನಿಕ ವಿಶ್ಲೇಷಣೆಗೆ ಒಳಪಡಿಸಿ, ಅದರಲ್ಲಿ ಕಂಡ ಅಲ್ಯುಮಿನಾದಂಥ ಅನ್ಯಾಂಶಗಳಲ್ಲಿ ಉತ್ತರವಿರಬಹುದೆಂದು ಊಹಿಸಿದ; ಆ ಊಹೆ ನಿಲ್ಲಲಿಲ್ಲ. ಆ ಉಕ್ಕಿನ ಮೇಲಿನ ಚಿತ್ತಾರಕ್ಕೆ ಅತ್ಯಲ್ಪ ಪ್ರಮಾಣದ ವನೇಡಿಯಂನಂಥ ಧಾತುಗಳ ಜತೆಗೆ, ಕಾಯಿಸುವ ಮತ್ತು ತಣಿಸುವ ಆವರ್ತನಗಳು ಅಷ್ಟೇ ಅಗತ್ಯವೆಂಬುದು ಇಪ್ಪತ್ತನೆಯ ಶತಮಾನದ ಕೊನೆಯ ಪ್ರಯೋಗಗಳಿಂದ ತಿಳಿದುಬಂತು. ಕಮ್ಮಾರನ ಕೈಯಲ್ಲಿದ್ದ ಉಷ್ಣತೆಯ ಹದ ರಾಸಾಯನಿಕ ವಿಶ್ಲೇಷಣೆಯ ಪಟ್ಟಿಯಲ್ಲಿ ಕಾಣುವಂಥದ್ದಾಗಿರಲಿಲ್ಲ. ಇಂದಿನ ಪ್ರಮಾಣಪತ್ರಗಳಲ್ಲೂ ಅದು ಕಾಣುವುದಿಲ್ಲ.

ಕೈಗಾರಿಕಾ ಯುಗದಲ್ಲಿ ಈ ಹದವನ್ನು ಮೊದಲು ಯಂತ್ರಕ್ಕೆ ಒಪ್ಪಿಸಿದವರು ತಂತಿ ಎಳೆಯುವವರು. ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲ್ 1854ರಲ್ಲಿ ಪೇಟೆಂಟ್ ಪಡೆದ ಶಾಖ ಸಂಸ್ಕಾರವು ಪೇಟೆಂಟಿಂಗ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕಾಲಕ್ರಮದಲ್ಲಿ ರೂಢಿಗೆ ಬಂದ ಅದರ ಸ್ವರೂಪದಲ್ಲಿ, ತಣ್ಣಗಿರುವ ತಂತಿಯನ್ನು 900 ಡಿಗ್ರಿಗೂ ಹೆಚ್ಚಿಗೆ ಕಾಯಿಸಿ ಮತ್ತೆ ಆಸ್ಟೆನೈಟ್ ಆಗಿಸಿ, 500ರಿಂದ 550 ಡಿಗ್ರಿಯಲ್ಲಿ ಕರಗಿ ನಿಂತ ಸೀಸದ ತೊಟ್ಟಿಯ ಮೂಲಕ ಹಾಯಿಸಲಾಗುತ್ತದೆ. ದ್ರವ ಸೀಸ ಶಾಖವನ್ನು ಬಹು ಬೇಗ ಹೀರಿಕೊಳ್ಳುವುದರಿಂದಲೂ ಅದರ ಉಷ್ಣತೆ ಹೆಚ್ಚು ಏರಿಳಿಯದಿರುವುದರಿಂದಲೂ, ತಂತಿಯ ಉದ್ದಕ್ಕೂ ರೂಪಾಂತರವು ಬಹುಮಟ್ಟಿಗೆ ಒಂದೇ ಉಷ್ಣತೆಯಲ್ಲಿ ನಡೆದು, ಒತ್ತಾದ ಪರ್ಲೈಟ್ ಸಿಗುತ್ತದೆ. ವಿಧಾನ ಉತ್ತಮವಾದರೂ ಅದರ ಹೊರೆ ಸಣ್ಣದಲ್ಲ. ಸೀಸದ ಆವಿ ಮತ್ತು ಗಸಿ ಕಾರ್ಮಿಕರ ಆರೋಗ್ಯಕ್ಕೂ ಸುತ್ತಲಿನ ಮಣ್ಣು ನೀರಿಗೂ ಕುತ್ತು. ಜತೆಗೆ, ರೋಲಿಂಗ್ ಮಿಲ್ಲಿನಿಂದ ಹೊರಬರುವಾಗ ಸಾವಿರ ಡಿಗ್ರಿಯಲ್ಲಿದ್ದ ಸರಳನ್ನು ಸುಮ್ಮನೆ ತಣಿಯಲು ಬಿಟ್ಟು ಮತ್ತೊಂದು ಕಾರ್ಖಾನೆಯಲ್ಲಿ ಅದನ್ನೇ ಪುನಃ ಕಾಯಿಸುವುದರಲ್ಲಿ ಎದ್ದು ಕಾಣುವ ಪೋಲಿದೆ: ಒಂದು ಟನ್ ಉಕ್ಕನ್ನು ಕೋಣೆಯ ಉಷ್ಣತೆಯಿಂದ 900 ಡಿಗ್ರಿಗೆ ಏರಿಸಲು, ಕುಲುಮೆಯ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸುಮಾರು 600 ಮೆಗಾಜೂಲ್, ಅಂದರೆ 170 ಯೂನಿಟ್‌ನಷ್ಟು ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು.

ಈ ಪೋಲನ್ನು ತಪ್ಪಿಸಿ, ರೋಲಿಂಗಿನ ಬಿಸಿಯಲ್ಲೇ ಪೇಟೆಂಟಿಂಗಿಗೆ ಸಮಾನವಾದ ಸಂಸ್ಕಾರ ಕೊಡುವ ಯೋಚನೆಯನ್ನು ಕಾರ್ಯರೂಪಕ್ಕೆ ತಂದದ್ದು ಕೆನಡಾದ ಸ್ಟೆಲ್ಕೊ ಉಕ್ಕು ಸಂಸ್ಥೆ ಮತ್ತು ಅಮೆರಿಕದ ಮಾರ್ಗನ್ ಕನ್‌ಸ್ಟ್ರಕ್ಷನ್ ಯಂತ್ರೋದ್ಯಮ. 1960ರ ದಶಕದಲ್ಲಿ ಇವೆರಡೂ ಕೂಡಿ ರೂಪಿಸಿದ ಸ್ಟೆಲ್‌ಮೋರ್ ಪದ್ಧತಿ ಇಂದು ಜಗತ್ತಿನ ತಂತಿ ಸರಳಿನ ಮಿಲ್ಲುಗಳಲ್ಲಿ ಬಹು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ವೇಗವನ್ನು ಅರಿಯದೆ ಅದರ ಕಷ್ಟ ಅರ್ಥವಾಗುವುದಿಲ್ಲ. 160 ಮಿಲಿಮೀಟರ್ ಚೌಕದ, ಹತ್ತು ಮೀಟರ್ ಉದ್ದದ, ಸುಮಾರು ಎರಡು ಟನ್ ತೂಗುವ ಬಿಲ್ಲೆಟ್ ಒಂದು, ಸಾಲು ಸಾಲು ರೋಲುಗಳ ನಡುವೆ ಹಾದು 5.5 ಮಿಲಿಮೀಟರ್ ವ್ಯಾಸದ ಸರಳಾಗಿ ಹೊರಬರುವಷ್ಟರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿರುತ್ತದೆ, ಮತ್ತು ಕೊನೆಯ ಘಟ್ಟದಲ್ಲಿ ಅದರ ವೇಗ ಸೆಕೆಂಡಿಗೆ ನೂರು ಮೀಟರ್ ಮುಟ್ಟುತ್ತದೆ. ಈ ಸರಳು ಮೊದಲು ವಾಟರ್ ಬಾಕ್ಸ್ ಎನ್ನುವ ನೀರಿನ ಕೊಳವೆಗಳಲ್ಲಿ ಹಾದು 800–900 ಡಿಗ್ರಿಯ ಮಟ್ಟಕ್ಕೆ ಇಳಿಯುತ್ತದೆ. ಅನಂತರ ಲೇಯಿಂಗ್ ಹೆಡ್ ಎಂಬ ತಿರುಗುವ ಯಂತ್ರವು ಅದನ್ನು ಸುಮಾರು ಒಂದು ಮೀಟರ್ ವ್ಯಾಸದ ಬಳೆಗಳಾಗಿ ಸುತ್ತಿ, ಸೆಕೆಂಡಿಗೆ ಮೂವತ್ತರಂತೆ, ಚಲಿಸುವ ಕನ್ವೇಯರ್ ಮೇಲೆ ಒಂದರ ಮೇಲೊಂದು ತುಸು ಸರಿದು ಬೀಳುವಂತೆ ಹಾಸುತ್ತದೆ. ಕೆಳಗಿನ ಬ್ಲೋವರುಗಳಿಂದ ನುಗ್ಗುವ ಗಾಳಿ ಬಳೆಗಳನ್ನು ಸೆಕೆಂಡಿಗೆ ಹತ್ತರಿಂದ ಇಪ್ಪತ್ತು ಡಿಗ್ರಿಯಂತೆ ತಣಿಸುತ್ತದೆ. ರೂಪಾಂತರ ಕನ್ವೇಯರಿನ ಮೇಲೆಯೇ ಮುಗಿದು, ಬಳೆಗಳು ಕೊನೆಯಲ್ಲಿ ಸುರುಳಿಯಾಗಿ ಕೂಡಿಕೊಳ್ಳುತ್ತವೆ. ಇದೇ ಕನ್ವೇಯರಿನ ಮೇಲೆ ಶಾಖ ತಡೆಯುವ ಮುಚ್ಚಳಗಳನ್ನು ಹಾಕಿ ಬ್ಲೋವರುಗಳನ್ನು ನಿಲ್ಲಿಸಿದರೆ, ಬೋಲ್ಟು ಮೊಳೆಗಳಿಗೆ ಬೇಕಾದ ಮೆದು ಉಕ್ಕನ್ನು ನಿಧಾನವಾಗಿಯೂ ತಣಿಸಬಹುದು.

ಸಮತೆಯ ಪ್ರಶ್ನೆ ಹುಟ್ಟುವುದು ಈ ಬಳೆಗಳ ಹಾಸಿನಲ್ಲೇ. ಒಂದರ ಮೇಲೊಂದು ಸರಿದು ಬಿದ್ದ ಬಳೆಗಳು ಕನ್ವೇಯರಿನ ನಡುಭಾಗದಲ್ಲಿ ವಿರಳವಾಗಿಯೂ ಎರಡು ಅಂಚುಗಳಲ್ಲಿ ಒತ್ತೊತ್ತಾಗಿಯೂ ಇರುವುದು ರೇಖಾಗಣಿತದ ಅನಿವಾರ್ಯ ಫಲ. ಒತ್ತಾದಲ್ಲಿ ಗಾಳಿ ನುಸುಳುವುದು ಕಷ್ಟ, ಒಂದು ಸುತ್ತಿನ ಶಾಖ ಪಕ್ಕದ ಸುತ್ತಿಗೆ ತಾಗುವುದು ಸುಲಭ; ಆದ್ದರಿಂದ ಅಂಚಿನ ಭಾಗ ನಿಧಾನವಾಗಿ ತಣಿದು, ಮೇಲಿನ ಉಷ್ಣತೆಯಲ್ಲೇ ರೂಪಾಂತರ ಹೊಂದಿ, ಒರಟು ಪರ್ಲೈಟ್ ಆಗಿ ಉಳಿಯುತ್ತದೆ. ಪ್ರತಿ ಬಳೆಯೂ ಎಡ ಬಲ ಅಂಚುಗಳನ್ನು ಒಂದೊಂದು ಬಾರಿ ಮುಟ್ಟುವುದರಿಂದ, ಸುರುಳಿಯನ್ನು ಬಿಚ್ಚಿ ನೇರಗೊಳಿಸಿದಾಗ ಸರಿಸುಮಾರು ಒಂದೂವರೆ ಮೀಟರಿಗೊಮ್ಮೆ ದುರ್ಬಲ ಭಾಗ ಮರುಕಳಿಸುತ್ತದೆ. ಹತ್ತು ಕಿಲೋಮೀಟರಿನ ಒಂದೇ ಸುರುಳಿಯಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚು. ರೂಪಾಂತರದ ಸ್ವಭಾವವೇ ಈ ತೊಡಕನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆಸ್ಟೆನೈಟ್ ಪರ್ಲೈಟ್ ಆಗುವಾಗ ಶಾಖ ಹೊರಬೀಳುತ್ತದೆ. ಅದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಉಕ್ಕಿನ ಉಷ್ಣತೆ ನೂರು ಡಿಗ್ರಿಯಷ್ಟು ಏರಬಲ್ಲದು, ಮತ್ತು ಕಂದಿದ್ದ ಸರಳು ಕನ್ವೇಯರಿನ ಮೇಲೆ ಮತ್ತೆ ಕೆಂಪೇರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಗಾಳಿ ಸಾಲದ ಅಂಚಿನಲ್ಲಿ ಈ ಏರಿಕೆ ಹೆಚ್ಚು, ಗಾಳಿ ಧಾರಾಳವಾಗಿರುವ ನಡುಭಾಗದಲ್ಲಿ ಕಡಿಮೆ. ಹೀಗೆ ಮೊದಲಿನ ಸಣ್ಣ ಅಸಮತೆ ರೂಪಾಂತರದ ಹೊತ್ತಿನಲ್ಲಿ ದೊಡ್ಡದಾಗುತ್ತದೆ.

ಬ್ಲೋವರುಗಳ ಬಲ ಹೆಚ್ಚಿಸುವುದೇ ಪರಿಹಾರವೆಂದು ತೋರುವುದು ಇಂಥ ಸಂದರ್ಭದಲ್ಲೇ, ಮತ್ತು ಆ ಪರಿಹಾರದ ಕೊರತೆ ಕಾಣುವುದೂ ಇಲ್ಲೇ. ಅಗಲದುದ್ದಕ್ಕೂ ಒಂದೇ ಪ್ರಮಾಣದಲ್ಲಿ ಗಾಳಿ ಹೆಚ್ಚಿಸಿದರೆ ಎಲ್ಲ ಭಾಗಗಳೂ ಬೇಗ ತಣಿಯುವುದರಿಂದ ಸರಾಸರಿ ಬಲವೇನೋ ಏರುತ್ತದೆ. ಆದರೆ ಗಾಳಿ ತನಗೆ ಅಡ್ಡಿಯಿಲ್ಲದ ನಡುಭಾಗದಲ್ಲೇ ಹೆಚ್ಚು ನುಗ್ಗುವುದರಿಂದ ನಡುವಿಗೂ ಅಂಚಿಗೂ ಇರುವ ಅಂತರ ಉಳಿಯುತ್ತದೆ, ಕೆಲವೊಮ್ಮೆ ಹಿಗ್ಗುತ್ತದೆ. ಸಂಯೋಜನೆಯಲ್ಲಿ ಮ್ಯಾಂಗನೀಸ್ ಅಥವಾ ಕ್ರೋಮಿಯಂ ತುಸು ಹೆಚ್ಚಾಗಿದ್ದರೆ, ಅತಿ ಬೇಗ ತಣಿದ ಭಾಗದಲ್ಲಿ ಬೇನೈಟೋ ಮಾರ್ಟೆನ್ಸೈಟೋ ಮೂಡುವ ಅಪಾಯವೂ ಸೇರಿಕೊಳ್ಳುತ್ತದೆ. ಹಾಗಾಗಿ ಈ ಕ್ಷೇತ್ರದ ನಿಜವಾದ ಪ್ರಗತಿ ಬ್ಲೋವರಿನ ಗಾತ್ರ ಹಿಗ್ಗಿದ್ದರಿಂದ ಬಂದುದಲ್ಲ. ಗಾಳಿಯನ್ನು ಅಗಲದಲ್ಲಿ ಹಂಚಿ ಅಂಚಿಗೆ ಹೆಚ್ಚು, ನಡುವಿಗೆ ಕಡಿಮೆ ಕೊಡುವ ನಾಳಗಳು, ಬಳೆಗಳು ಪರಸ್ಪರ ತಾಗುವ ಜಾಗ ಬದಲಾಗುತ್ತ ಹೋಗುವಂತೆ ಕನ್ವೇಯರಿನ ನಡುನಡುವೆ ಸಣ್ಣ ಮೆಟ್ಟಿಲಿನಂಥ ಇಳಿತಗಳು, ರೂಪಾಂತರ ಆರಂಭವಾಗುವ ಜಾಗವನ್ನು ಗುರುತಿಸಿ ಅಲ್ಲಿಯೇ ಗಾಳಿಯನ್ನು ಹೆಚ್ಚಿಸಿ, ಮುಗಿದ ಮೇಲೆ ತಗ್ಗಿಸುವ ವಿಭಾಗವಾರು ಹತೋಟಿ ಇವೆಲ್ಲ ಸಮತೆಯನ್ನು ಗುರಿಯಾಗಿಟ್ಟುಕೊಂಡ ಸುಧಾರಣೆಗಳು.

ಸರಾಸರಿಗಿಂತ ಸಮತೆಗೆ ಹೆಚ್ಚಿನ ಬೆಲೆ ಏಕೆ ಎಂಬುದಕ್ಕೆ ಉತ್ತರ ಈ ಸರಳು ಮುಂದೆ ಕಾಣುವ ಬಾಳಿನಲ್ಲಿದೆ. ಟೈರಿನ ತಂತಿಗಾಗಿ 5.5 ಮಿಲಿಮೀಟರಿನ ಸರಳನ್ನು ಡೈಗಳ ಸಾಲಿನಲ್ಲಿ ಎಳೆದು, ನಡುವೆ ಮತ್ತೆ ಪೇಟೆಂಟಿಂಗ್ ಮಾಡಿ, ಕೊನೆಗೆ 0.2 ಮಿಲಿಮೀಟರಿಗೆ ತಂದಾಗ ಅದರ ಉದ್ದ ಏಳುನೂರು ಪಟ್ಟಿಗೂ ಹೆಚ್ಚಾಗಿ, ಒಂದು ಸುರುಳಿ ಎಂಟು ಸಾವಿರ ಕಿಲೋಮೀಟರ್ ತಂತಿಯಾಗುತ್ತದೆ. ಅಷ್ಟು ಉದ್ದದಲ್ಲಿ ಒಂದೇ ಒಂದು ಕಡೆ ಕಡಿದರೂ ಯಂತ್ರ ನಿಲ್ಲುತ್ತದೆ, ತಂತಿಯನ್ನು ಮತ್ತೆ ಪೋಣಿಸಬೇಕಾಗುತ್ತದೆ. ಕಡಿಯುವುದು ಸರಾಸರಿ ಬಲವುಳ್ಳ ಜಾಗದಲ್ಲಲ್ಲ, ಅತ್ಯಂತ ದುರ್ಬಲವಾದ ಜಾಗದಲ್ಲಿ. ಪೂರ್ವಪ್ರಬಲಿತ ಕಾಂಕ್ರೀಟಿನ ತಂತಿಹುರಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ, ಏಕೆಂದರೆ ಅದರ ತಂತಿಗಳನ್ನು ಸಾಮಾನ್ಯವಾಗಿ ಸೀಸದ ತೊಟ್ಟಿಗೆ ಇಳಿಸದೆ, ಕನ್ವೇಯರಿನ ಮೇಲೆ ತಣಿದ ದಪ್ಪ ಸರಳಿನಿಂದ ನೇರವಾಗಿಯೇ ಎಳೆಯಲಾಗುತ್ತದೆ. ಅಂದರೆ ಗಾಳಿ ಬಿಟ್ಟುಹೋದ ಅಸಮತೆಯನ್ನು ತಿದ್ದಲು ಮುಂದೆ ಬೇರೆ ಅವಕಾಶವಿಲ್ಲ. ಬೆಂಗಳೂರಿನ ನಮ್ಮ ಮೆಟ್ರೊದ ಎತ್ತರಿಸಿದ ಮಾರ್ಗಗಳೂ ಸೇರಿ ದೇಶದ ಅನೇಕ ಮೇಲ್ಸೇತುವೆಗಳ ತೊಲೆಗಳನ್ನು ಬಿಗಿದು ಹಿಡಿದಿರುವುದು 1860 ಮೆಗಾಪಾಸ್ಕಲ್ ದರ್ಜೆಯ ಇಂಥ ಹುರಿಗಳೇ. ಜಪಾನಿನಲ್ಲಿ 1998ರಲ್ಲಿ ತೆರೆದ, 1991 ಮೀಟರ್ ಉದ್ದದ ಮುಖ್ಯ ಅಂಕಣವುಳ್ಳ ಅಕಾಶಿ ಕೈಕ್ಯೊ ತೂಗುಸೇತುವೆಗೆ ತಂತಿಯ ಬಲವನ್ನು 1800 ಮೆಗಾಪಾಸ್ಕಲ್ ದರ್ಜೆಗೆ ಏರಿಸಿದ್ದರಿಂದಲೇ, ಪ್ರತಿ ಬದಿಗೆ ಎರಡರ ಬದಲು ಒಂದೇ ಮುಖ್ಯ ಕೇಬಲ್ ಸಾಕಾಯಿತು. ಇಂಥ ಕೇಬಲ್ಲಿನಲ್ಲಿ ಸಾವಿರಾರು ತಂತಿಗಳು ಹೊರೆಯನ್ನು ಸಮನಾಗಿ ಹಂಚಿಕೊಳ್ಳಬೇಕು ಎಂಬುದೇ ವಿನ್ಯಾಸದ ಮೂಲಭೂತ ನಂಬಿಕೆ.

ಗಾಳಿಗಿಂತ ಮೊದಲು ಬರುವ ನೀರಿನ ಘಟ್ಟಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ವಾಟರ್ ಬಾಕ್ಸಿನಲ್ಲಿ ನೀರು ಸರಳಿನ ಮೈಯನ್ನು ಕ್ಷಣಾರ್ಧದಲ್ಲಿ ತಣಿಸುತ್ತದೆ, ಒಳಭಾಗ ಬಿಸಿಯಾಗಿಯೇ ಇರುತ್ತದೆ. ಕಾದ ಮೈಯ ಮೇಲೆ ಹಬೆಯ ತೆಳುಪರೆ ನಿಂತಿರುವವರೆಗೆ ಶಾಖ ಹದವಾಗಿ ಹೊರಹೋಗುತ್ತದೆ. ಉಷ್ಣತೆ ಕುಸಿದು ಆ ಪರೆ ಒಡೆದು ನೀರು ನೇರವಾಗಿ ಲೋಹವನ್ನು ತಾಗಿದರೆ ಶಾಖದ ಹರಿವು ಒಮ್ಮೆಲೇ ಹಲವು ಪಟ್ಟು ಹೆಚ್ಚಿ, ಮೈಮೇಲೆ ಮಾರ್ಟೆನ್ಸೈಟಿನ ಪೊರೆ ಕಟ್ಟುವ ಭಯವಿರುತ್ತದೆ. ಆದ್ದರಿಂದಲೇ ಒಂದೇ ಉದ್ದನೆಯ ನೀರಿನ ಕೊಳವೆಯ ಬದಲು ಹಲವು ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ನಡುವೆ ಒಳಗಿನ ಬಿಸಿ ಹೊರಮೈಗೆ ಹರಡಲು ಖಾಲಿ ಜಾಗ ಬಿಡಲಾಗುತ್ತದೆ. ಬಳೆ ಹಾಸುವಾಗಿನ ಉಷ್ಣತೆಯ ಆಯ್ಕೆಯೂ ಸುಲಭವಲ್ಲ. ಅದು ಹೆಚ್ಚಾದರೆ ಆಸ್ಟೆನೈಟ್ ಹರಳುಗಳು ದೊಡ್ಡದಾಗಿ, ರೂಪಾಂತರ ತಡವಾಗಿ ಕೆಳ ಉಷ್ಣತೆಯಲ್ಲಿ ನಡೆದು ಬಲ ಹೆಚ್ಚುತ್ತದೆ, ಆದರೆ ಎಳೆಯುವಾಗ ತಾಳಿಕೊಳ್ಳುವ ಗುಣ ಕುಗ್ಗುತ್ತದೆ, ಮೈಮೇಲೆ ಸ್ಕೇಲ್ ಎಂಬ ಆಕ್ಸೈಡ್ ಪದರ ದಪ್ಪಗಾಗುತ್ತದೆ. ಕಡಿಮೆಯಾದರೆ ಸ್ಕೇಲ್ ತೆಳ್ಳಗಾಗಿ ಮೈಗಂಟಿ, ಬಗ್ಗಿಸಿ ಉದುರಿಸಲು ಬಾರದಂತಾಗುತ್ತದೆ. ಈ ಎಲ್ಲ ಬೇಡಿಕೆಗಳೂ ಒಮ್ಮೆಲೇ ಈಡೇರುವ ಒಂದು ಆದರ್ಶ ಅಂಕಿ ಇಲ್ಲ. ಪ್ರತಿ ದರ್ಜೆಗೂ ಒಂದು ರಾಜಿಯನ್ನು ಆರಿಸಿಕೊಂಡು, ಸುರುಳಿಯ ಮೊದಲಿನಿಂದ ಕೊನೆಯವರೆಗೆ ಅದಕ್ಕೆ ಬದ್ಧವಾಗಿರುವುದಷ್ಟೇ ಸಾಧ್ಯ.

ವೇಗವಾಗಿ ತಣಿಸುವುದೇ ಒಳ್ಳೆಯ ತಣಿಸುವಿಕೆ ಎಂಬ ನಂಬಿಕೆಯನ್ನು ರೈಲುಹಳಿಯ ಚರಿತ್ರೆ ಬೇರೊಂದು ದಿಕ್ಕಿನಿಂದ ಅಲುಗಿಸುತ್ತದೆ. 1911ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ ಹಳಿ ಮುರಿದು ರೈಲು ಉರುಳಿ 29 ಜನ ಸತ್ತಾಗ, ಹಳಿಯ ತಲೆಭಾಗದ ಒಳಗೆ ಹುಟ್ಟಿ ಹೊರಗೆ ಕಾಣದಂತೆ ಅಡ್ಡಲಾಗಿ ಬೆಳೆದ ಬಿರುಕೊಂದು ತನಿಖೆಯಲ್ಲಿ ಪತ್ತೆಯಾಯಿತು. ಇಂಥ ಬಿರುಕುಗಳ ಮೂಲ ಉಕ್ಕಿನೊಳಗೆ ಸಿಕ್ಕಿಬಿದ್ದ ಹೈಡ್ರೋಜನ್ ಎಂಬುದು ಖಚಿತವಾಗಲು ಹಲವು ವರ್ಷಗಳೇ ಹಿಡಿದವು. ಉಕ್ಕು ತಣಿದಂತೆಲ್ಲ ಹೈಡ್ರೋಜನನ್ನು ಕರಗಿಸಿಕೊಳ್ಳುವ ಅದರ ಶಕ್ತಿ ಕುಸಿಯುತ್ತದೆ; ದಪ್ಪ ಹಳಿ ಬೇಗ ತಣಿದರೆ ಆ ಅನಿಲಕ್ಕೆ ಹೊರಹೋಗಲು ಸಮಯ ಸಿಗದೆ, ಕೊನೆಯ ಇನ್ನೂರು ಡಿಗ್ರಿಯ ಹಂತದಲ್ಲಿ ಒಳಗೆ ಸೂಕ್ಷ್ಮ ಸೀಳುಗಳು ಹುಟ್ಟುತ್ತವೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಐ. ಸಿ. ಮ್ಯಾಕಿ 1930ರ ದಶಕದ ಆರಂಭದಲ್ಲಿ ರೂಪಿಸಿದ ಪದ್ಧತಿಯಲ್ಲಿ, ಪರ್ಲೈಟ್ ಆಗಿ ಮುಗಿದ ಹಳಿಗಳನ್ನು ಬಿಸಿಯಿರುವಾಗಲೇ ಮುಚ್ಚಳದ ಪೆಟ್ಟಿಗೆಗಳಲ್ಲಿ ತುಂಬಿ ಅನೇಕ ಗಂಟೆಗಳ ಕಾಲ ನಿಧಾನವಾಗಿ ತಣಿಯಬಿಡಲಾಯಿತು, ಹಳಿಗಳ ಆ ರೋಗ ಹತೋಟಿಗೆ ಬಂತು. ನಿರ್ವಾತದಲ್ಲಿ ದ್ರವ ಉಕ್ಕಿನಿಂದಲೇ ಹೈಡ್ರೋಜನ್ ತೆಗೆಯುವ ವಿಧಾನ ಬಂದ ಮೇಲೆ ಪೆಟ್ಟಿಗೆಗಳ ಅಗತ್ಯ ತಗ್ಗಿತು. ಆಗ ಹಳಿಯ ತಲೆಭಾಗವನ್ನು ಮಾತ್ರ ರೋಲಿಂಗಿನ ಬಿಸಿಯಲ್ಲೇ ಗಾಳಿ ಅಥವಾ ನೀರಿನ ತುಂತುರಿನಿಂದ ಬೇಗ ತಣಿಸಿ, ಒತ್ತು ಪರ್ಲೈಟಿನಿಂದ ಸವೆತ ತಾಳುವಂತೆ ಮಾಡುವ ದಾರಿ ತೆರೆಯಿತು. ಒಂದೇ ಕುಲದ ಉಕ್ಕು 600 ಡಿಗ್ರಿಯ ಹಂತದಲ್ಲಿ ಚುರುಕನ್ನೂ 300 ಡಿಗ್ರಿಯ ಹಂತದಲ್ಲಿ ನಿಧಾನವನ್ನೂ ಕೇಳಬಹುದು ಎಂದಮೇಲೆ, ವೇಗವೊಂದನ್ನೇ ಗುಣವೆಂದು ಎಣಿಸುವುದು ನಿಲ್ಲದ ಮಾತು.

ಸಮತೆಗೆ ಇಷ್ಟು ಪ್ರಾಶಸ್ತ್ಯ ಕೊಡುವುದಕ್ಕೆ ಮೂರು ಬಗೆಯ ಆಕ್ಷೇಪಗಳು ಬರಬಹುದು. ಸಮತೆಯೇ ಮುಖ್ಯವಾದರೆ ದ್ರವ ಸೀಸಕ್ಕೆ ಗಾಳಿ ಎಂದೂ ಸಾಟಿಯಾಗದು, ಆದ್ದರಿಂದ ಉತ್ತಮ ದರ್ಜೆಯ ತಂತಿಯನ್ನು ಸೀಸಕ್ಕೇ ಬಿಟ್ಟುಬಿಡಬೇಕು ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ, ಅತಿ ತೆಳು ತಂತಿಗೆ ನಡುವಣ ಪೇಟೆಂಟಿಂಗ್ ಇಂದಿಗೂ ತಪ್ಪಿಲ್ಲ. ಆದರೆ ರೋಲಿಂಗಿನ ಬಿಸಿಯಲ್ಲೇ ಬಳೆಗಳನ್ನು ಕರಗಿದ ಲವಣದಲ್ಲಿ ಅಥವಾ ಕುದಿಯುವ ನೀರಿನಲ್ಲಿ ಮುಳುಗಿಸಿ ತಣಿಸುವ ವಿಧಾನಗಳೂ ಬಳಕೆಗೆ ಬಂದಿರುವುದನ್ನು ಗಮನಿಸಿದರೆ, ಆಯ್ಕೆ ಸೀಸ ಮತ್ತು ಗಾಳಿಗಳ ನಡುವೆ ಮಾತ್ರ ಇಲ್ಲವೆಂದು ತಿಳಿಯುತ್ತದೆ. ಅಲ್ಲದೆ ಸಮತೆಯುಳ್ಳ ಸರಳು ಮೊದಲ ಪೇಟೆಂಟಿಂಗನ್ನು ಅನಗತ್ಯಗೊಳಿಸಿದರೂ ಶಕ್ತಿ ಮತ್ತು ಮಾಲಿನ್ಯಗಳಲ್ಲಿ ಉಳಿತಾಯ ದೊಡ್ಡದು. ಎರಡನೆಯ ಆಕ್ಷೇಪ, ಕ್ರೋಮಿಯಂ ಅಥವಾ ವನೇಡಿಯಂ ಬೆರೆಸಿ ಬಲವನ್ನು ಸಂಯೋಜನೆಯಿಂದಲೇ ಪಡೆಯಬಹುದಲ್ಲ ಎಂಬುದು. ನಿಧಾನವಾಗಿ ತಣಿಯುವ ದಪ್ಪ ಸರಳಿಗೆ ಇದು ಅಗತ್ಯವೂ ಹೌದು. ಆದರೆ ಬೆರಕೆ ಧಾತುಗಳು ಇಡೀ ಸರಳಿನ ಬಲವನ್ನು ಏರಿಸುತ್ತವೆಯೇ ಹೊರತು ಅಂಚು ಮತ್ತು ನಡುಗಳ ಅಂತರವನ್ನು ಅಳಿಸುವುದಿಲ್ಲ, ರೂಪಾಂತರವನ್ನು ತಡಮಾಡಿ ಮಾರ್ಟೆನ್ಸೈಟಿನ ಅಪಾಯವನ್ನು ಹತ್ತಿರ ತರುತ್ತವೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಅಸಮತೆಯ ಮೂಲ ಕನ್ವೇಯರಿನಲ್ಲಷ್ಟೇ ಇಲ್ಲ, ಉಕ್ಕು ಎರಕಗೊಂಡ ಗಳಿಗೆಯಲ್ಲೇ ಇದೆ. ಬಿಲ್ಲೆಟ್ ಹೊರಗಿನಿಂದ ಒಳಗೆ ಘನೀಭವಿಸುವಾಗ ಇಂಗಾಲ ಮತ್ತು ಮ್ಯಾಂಗನೀಸ್ ಕೊನೆಗೆ ಉಳಿದ ದ್ರವದಲ್ಲಿ ಸಾಂದ್ರವಾಗಿ ನಡುಗರ್ಭದಲ್ಲಿ ಸೇರಿಕೊಳ್ಳುತ್ತವೆ; ಅಡ್ಡಕೊಯ್ತದ ವಿಸ್ತೀರ್ಣ ಸಾವಿರ ಪಟ್ಟು ಕುಗ್ಗಿದ ಮೇಲೂ ಆ ಗೆರೆ ಸರಳಿನ ನಟ್ಟನಡುವೆ ಉಳಿಯುತ್ತದೆ. ಅಲ್ಲಿ ಇಂಗಾಲ ಹೆಚ್ಚಿರುವುದರಿಂದ, ತಣಿಸುವಿಕೆ ನಿಧಾನವಾದರೆ ಪರ್ಲೈಟಿಗಿಂತ ಮೊದಲೇ ಸಿಮೆಂಟೈಟ್ ಹರಳಂಚುಗಳಲ್ಲಿ ಬಲೆಯಾಗಿ ಕಟ್ಟಿಕೊಂಡು, ಎಳೆಯುವಾಗ ಬಟ್ಟಲಿನಾಕಾರದ ಒಳಮುರಿತಕ್ಕೆ ದಾರಿಯಾಗುತ್ತದೆ. ಮ್ಯಾಂಗನೀಸ್ ಹೆಚ್ಚಿರುವುದರಿಂದ, ತಣಿಸುವಿಕೆ ಚುರುಕಾದರೆ ಅದೇ ಜಾಗದಲ್ಲಿ ಮಾರ್ಟೆನ್ಸೈಟ್ ಹುಟ್ಟುತ್ತದೆ. ಎರಡೂ ಕಡೆಯಿಂದ ಕಿಂಡಿ ಕಿರಿದಾಗುವ ಈ ಸ್ಥಿತಿಯನ್ನು ಯಾವ ಬ್ಲೋವರೂ ಸರಿಪಡಿಸಲಾರದು. ಎರಕದ ವೇಗ, ದ್ರವದ ಉಷ್ಣತೆ, ವಿದ್ಯುತ್ಕಾಂತೀಯ ಕಲಕುವಿಕೆಗಳ ಮೂಲಕವೇ ಅದನ್ನು ಹಗುರಗೊಳಿಸಬೇಕು. ಆದರೆ ಈ ಆಕ್ಷೇಪ ಸಮತೆಯ ವಾದವನ್ನು ಕೆಡಿಸುವುದಿಲ್ಲ, ಅದರ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ. ನಡುಗರ್ಭದಲ್ಲಿ ಕಿಂಡಿ ಕಿರಿದಾದಷ್ಟೂ ಬಳೆಯ ಒಂದು ಭಾಗಕ್ಕೂ ಇನ್ನೊಂದಕ್ಕೂ ತಣಿಸುವಿಕೆಯಲ್ಲಿ ವ್ಯತ್ಯಾಸವಿರಲು ಜಾಗ ಕಡಿಮೆಯಾಗುತ್ತದೆ.

ಸಮತೆ ಎಂಬುದು ಒಂದು ಸುರುಳಿಯ ಒಳಗೆ ಮಾತ್ರವಲ್ಲ, ಒಂದು ಸುರುಳಿಗೂ ಇನ್ನೊಂದಕ್ಕೂ, ಒಂದು ಋತುವಿಗೂ ಇನ್ನೊಂದಕ್ಕೂ ಇರಬೇಕಾದದ್ದು. ಚಳಿಗಾಲದ ಬೆಳಗಿನ 20 ಡಿಗ್ರಿಯ ಗಾಳಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿಯಾದಾಗ ಅದರ ಸಾಂದ್ರತೆ ಶೇ 7ರಷ್ಟು ಕುಗ್ಗುತ್ತದೆ. ಬ್ಲೋವರ್ ಅಷ್ಟೇ ಪರಿಮಾಣವನ್ನು ಊದಿದರೂ ಸರಳಿಗೆ ತಾಗುವ ಗಾಳಿಯ ದ್ರವ್ಯರಾಶಿ ಅಷ್ಟು ಕಡಿಮೆಯಾಗಿರುತ್ತದೆ, ಸರಳಿಗೂ ಗಾಳಿಗೂ ನಡುವಿನ ಉಷ್ಣತೆಯ ಅಂತರವೂ ತಗ್ಗಿರುತ್ತದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಬಿಸಿಲ ನಾಡಿನಲ್ಲಿ ನಡೆಯುವ ಮಿಲ್ಲಿಗೆ ಶೀತದೇಶದ ತಯಾರಕರು ಬರೆದುಕೊಟ್ಟ ಬ್ಲೋವರಿನ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು ಎಂಬುದು ಇದರಿಂದ ಸ್ಪಷ್ಟ. ದಿನದ ಗಾಳಿಯನ್ನೂ ಆ ದಿನದ ಉಕ್ಕಿನ ಸಂಯೋಜನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಾಳಿಯನ್ನು ತಿದ್ದುವ ಗಣಕ ಮಾದರಿಗಳು ಇಂದು ಲಭ್ಯವಿವೆ. ಆದರೆ ಯಾವ ಮಾದರಿಯೂ ತನಗೆ ಕೊಟ್ಟ ಗುರಿಯನ್ನೇ ಸಾಧಿಸುತ್ತದೆ. ಗುರಿಯಾಗಿ ಸರಾಸರಿ ಬಲವನ್ನು ಕೊಟ್ಟರೆ ಅದು ಸರಾಸರಿಯನ್ನು ಸರಿಪಡಿಸಿ, ಏರಿಳಿತವನ್ನು ಇದ್ದಂತೆಯೇ ಬಿಡುತ್ತದೆ.

ಹಾಗಾಗಿ ಬದಲಾವಣೆ ಮೊದಲು ಆಗಬೇಕಾದದ್ದು ಖರೀದಿಯ ಕರಾರಿನಲ್ಲಿ. ಸುರುಳಿಯ ತುದಿಯಿಂದ ಒಂದು ತುಂಡು ಕತ್ತರಿಸಿ ಪರೀಕ್ಷಿಸಿ, ಬಲ ಕನಿಷ್ಠ ಮಿತಿಯನ್ನು ದಾಟಿದೆಯೆಂದು ಬರೆಯುವ ಪ್ರಮಾಣಪತ್ರ, ಆ ತುಂಡು ಬಳೆಯ ಅಂಚಿನದೋ ನಡುವಿನದೋ ಎಂಬುದನ್ನು ಸಹ ತಿಳಿಸುವುದಿಲ್ಲ. ಅದರ ಬದಲು ಇಡೀ ಒಂದು ಬಳೆಯನ್ನು ಎಂಟೋ ಹನ್ನೆರಡೋ ಸಮಭಾಗಗಳಾಗಿ ಕತ್ತರಿಸಿ ಪ್ರತಿಯೊಂದನ್ನೂ ಎಳೆದು ಪರೀಕ್ಷಿಸುವ ಕ್ರಮ ಒಳ್ಳೆಯ ಮಿಲ್ಲುಗಳಿಗೆ ಹೊಸದೇನೂ ಅಲ್ಲ. ಆ ಪರೀಕ್ಷೆಯ ಗರಿಷ್ಠ ಮತ್ತು ಕನಿಷ್ಠಗಳ ಅಂತರವನ್ನು ಮಿಲ್ಲಿನ ಒಳದಾಖಲೆಯಿಂದ ಹೊರತಂದು ವ್ಯಾಪಾರದ ಷರತ್ತಾಗಿಸುವುದಷ್ಟೇ ಉಳಿದಿರುವ ಹೆಜ್ಜೆ. ಇದರಿಂದ ಪರೀಕ್ಷೆಯ ಖರ್ಚು ಹೆಚ್ಚುತ್ತದೆ, ಮತ್ತು ಆರಂಭದಲ್ಲಿ ಅನೇಕ ತಯಾರಕರ ಸರಕು ಅಂಕಿಗಳಲ್ಲಿ ಕೆಳಮಟ್ಟದ್ದಾಗಿ ಕಾಣುತ್ತದೆ ಎಂಬುದು ನಿಜ. ಆದರೆ ತಂತಿ ಕಡಿದು ನಿಂತ ಯಂತ್ರ, ಮರುಕಾಯಿಸಲು ಉರಿದ ಇಂಧನ, ಸೀಸದ ಗಸಿಯ ವಿಲೇವಾರಿ ಇವುಗಳ ವೆಚ್ಚವನ್ನು ಇಂದೂ ಯಾರೋ ತೆರುತ್ತಲೇ ಇದ್ದಾರೆ. ಅದು ಸರಳಿನ ಬೆಲೆಯಲ್ಲಿ ಕಾಣುವುದಿಲ್ಲ ಅಷ್ಟೆ. ಏರಿಳಿತದ ಅಂತರಕ್ಕೆ ಬೆಲೆ ಕಟ್ಟಿದ ದಿನ ತಯಾರಕರು ಬ್ಲೋವರಿನ ಅಶ್ವಶಕ್ತಿಗೆ ಸುರಿಯುವ ಹಣವನ್ನು ಗಾಳಿಯ ಹಂಚಿಕೆಗೆ, ಎರಕದ ಶುದ್ಧಿಗೆ ಮತ್ತು ಅಳತೆಯ ಉಪಕರಣಗಳಿಗೆ ತಿರುಗಿಸಲು ಕಾರಣ ಸಿಗುತ್ತದೆ. ಅಂಥ ಕಾರಣವಿಲ್ಲದೆ ಲೋಹವಿಜ್ಞಾನದ ತಿಳಿವೊಂದೇ ಕನ್ವೇಯರಿನ ಅಂಚನ್ನು ತಲುಪುವುದಿಲ್ಲ.